ಕೆರೆಗೊಂದು, ಹೊಳೆಗೊಂದು ರೀಲು ಬೇಕೇ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ತೋಟದ ಕೆರೆಗೆ ಕೆಲವು ವರ್ಷಗಳ ಹಿಂದೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟಿದ್ದೆವು. ಕೊರವ ಮೀನು ತಾನಾಗಿಯೇ ಬಂದು ಸೇರಿಕೊಂಡಿದೆ. ಇಷ್ಟು ದಿನ ಬಿದಿರಿನ ಗಳಕ್ಕೆ ದಾರ ಕಟ್ಟಿ ಗಾಳ ಹಾಕುತ್ತಿದ್ದೆ. ಈ ಬೇಸಿಗೆಯಲ್ಲಿ ಒಂದು ದೊಡ್ಡ ಮೀನು ಗಳದ ತುದಿಯನ್ನೇ ಮುರಿದುಕೊಂಡು ಹೋಯಿತು. ಹಾಗಾಗಿ ರೀಲು ಇರುವ ಕೋಲು ತರೋಣ ಎಂದಿದ್ದೇನೆ. ಪರವಾನಗಿ ಪಡೆದು ವರ್ಷದಲ್ಲಿ ಒಂದೆರಡು ಸಲ ಕಾವೇರಿಯಲ್ಲಿ ಮಶೀರ್‌ಗೂ ಗಾಳ ಹಾಕುವ ಆಸೆಯಿದೆ. ಕೋಲು, ರೀಲು, ದಾರ ಎಲ್ಲ ಸೇರಿ 8,000 ರೂಪಾಯಿ ತೆಗೆದಿಟ್ಟಿದ್ದೇನೆ. ಮೈಸೂರಿನ ಅಂಗಡಿಯವರು 13 ಬೇರಿಂಗ್ ಇರುವ 6000 ಸೈಜಿನ ಸ್ಪಿನ್ನಿಂಗ್ ರೀಲು ತೋರಿಸಿ, ‘ಮಶೀರ್‌ಗೆ ಇದಕ್ಕಿಂತ ಚಿಕ್ಕದು ಸಾಲದು’ ಎಂದರು. ಬೆಂಗಳೂರಿನಲ್ಲಿರುವ ಅಣ್ಣನ ಮಗ, ‘ಸ್ಪಿನ್ನಿಂಗ್ ಎಲ್ಲ ಕಲಿಯೋರಿಗೆ ಚಿಕ್ಕಪ್ಪ, ಬೇಟ್‌ಕಾಸ್ಟರ್ ತಗೊಳ್ಳಿ’ ಅನ್ನುತ್ತಾನೆ. ಅಟ್ಟದಲ್ಲಿ ತಂದೆಯ ಕಾಲದ ಹಿತ್ತಾಳೆ ರೀಲೊಂದಿದೆ. ಹಿಡಿ ಒಂದು ಸುತ್ತು ತಿರುಗಿಸಿದರೆ ಚಕ್ರವೂ ಒಂದೇ ಸುತ್ತು ತಿರುಗುತ್ತದೆ. ಅದನ್ನೇ ಬಳಸಬಹುದೇ? 11 ವರ್ಷದ ಮಗಳೂ ತನಗೊಂದು ಬೇಕೆಂದು ಹಿಂದೆ ಬಿದ್ದಿದ್ದಾಳೆ. ಯಾವುದನ್ನು ಕೊಳ್ಳಲಿ?

ಉತ್ತರ: ಇಷ್ಟು ದುಡ್ಡು ಕೊಟ್ಟು ತಂದದ್ದು ಕೆರೆಗೂ ಆಗದೆ ಹೊಳೆಗೂ ಆಗದೆ ಮೂಲೆ ಸೇರೀತೇ ಎಂಬುದು ನಿಮ್ಮ ಚಿಂತೆ. ಅದು ಸುಮ್ಮನೆ ಬಂದ ಚಿಂತೆಯಲ್ಲ. ನಾನು ರೀಲು ಮಾರುವವನಲ್ಲ, ಬಿಚ್ಚಿ ಜೋಡಿಸುವವನು. ಕುಶಾಲನಗರದ ನನ್ನ ಮೇಜಿಗೆ ಬರುವ ರೀಲುಗಳಲ್ಲಿ ಬಳಸಿ ಸವೆದವು ಕಡಿಮೆ. ತಪ್ಪು ಕೆಲಸಕ್ಕೆ ಕೊಂಡು, ತಪ್ಪು ದಾರ ಸುತ್ತಿ, ಎರಡು ಮಳೆಗಾಲ ಪೆಟ್ಟಿಗೆಯಲ್ಲೇ ಇಟ್ಟು ಕೆಟ್ಟವೇ ಹೆಚ್ಚು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: 4000 ಸೈಜಿನ, ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಭಾಗ) ಚೆನ್ನಾಗಿರುವ ಸಾಧಾರಣ ಸ್ಪಿನ್ನಿಂಗ್ ರೀಲು ಒಂದು, ಅದಕ್ಕೆ ಎರಡು ಸ್ಪೂಲು, ಅಂದರೆ ದಾರ ಸುತ್ತುವ ಉರುಳೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅಂಗಡಿಯಲ್ಲಿ ನಿಮ್ಮ ಜೊತೆ ನಾನಿರುವುದಿಲ್ಲ.

ರೀಲು ಯಾವುದು ಎಂದು ಕೇಳುವ ಮೊದಲು ನೀವು ಎಸೆಯುವುದೇನು, ಅದರ ತೂಕ ಎಷ್ಟು ಎಂದು ನೋಡಿ. ನಿಮ್ಮ ಕೆರೆಯ ರೋಹು, ಗೆಂಡೆಗಳಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಕಲಸಿದ ಉಂಡೆ ಅಥವಾ ಎರೆಹುಳು. ಇದು ಹಗುರ, ಮೆತ್ತಗೆ. ಜೋರಾಗಿ ಬೀಸಿದರೆ ಉಂಡೆ ಗಾಳಿಯಲ್ಲೇ ಕಳಚಿ ಬೀಳುತ್ತದೆ. ಕಾಟ್ಲಾ ಮೇಲ್ಪದರದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು, ಎರೆಹುಳುವಿಗೆ ಅಷ್ಟಾಗಿ ಬರುವುದಿಲ್ಲ. ನೀರಿನಲ್ಲಿ ಬೇಗ ಕರಗಿ ಹರಡುವ ಹಿಂಡಿಯೇ ಅದಕ್ಕೆ ಬೇಕು. ಕೊರವಕ್ಕೆ ಜೊಂಡಿನ ಮೇಲೆ ಎಳೆಯುವ ರಬ್ಬರ್ ಕಪ್ಪೆ, ಹತ್ತು ಹದಿನೈದು ಗ್ರಾಂ. ಹೊಳೆಯ ಮಶೀರ್‌ಗೆ ಬೇಯಿಸಿದ ರಾಗಿ ಹಿಟ್ಟಿನ ಗಟ್ಟಿ ಉಂಡೆ, ಜೊತೆಗೆ ಸೀಸ. ಅಥವಾ ಚಮಚದಾಕಾರದ ಲೋಹದ ಎರೆ. ಐದು ಗ್ರಾಂನಿಂದ ಐವತ್ತು ಗ್ರಾಂವರೆಗೆ ಎಸೆಯಬಲ್ಲ ಒಂದೇ ಜಾತಿಯ ರೀಲು ಬೇಕು ಎಂದರೆ ಅದು ಸ್ಪಿನ್ನಿಂಗ್ ರೀಲೇ.

ಕಾರಣ ಅದರ ರಚನೆಯಲ್ಲಿದೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲು ತಿರುಗುವುದಿಲ್ಲ. ದಾರವನ್ನು ಹಿಡಿದಿಡುವ ತಂತಿಯ ಕಮಾನು, ಅಂದರೆ ಬೇಲನ್ನು ತೆರೆದರೆ ದಾರ ಸ್ಪೂಲಿನ ಅಂಚಿನ ಮೇಲಿಂದ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ತಿರುಗಿಸಬೇಕಾದ ಭಾರವೇ ಇಲ್ಲದ್ದರಿಂದ ಹಗುರವಾದದ್ದೂ ದೂರ ಹೋಗುತ್ತದೆ, ಮೆಲ್ಲಗೆ ತೂರಿದರೂ ಸಾಕು. ಇಂಗ್ಲೆಂಡಿನ ಜವಳಿ ಉದ್ಯಮಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಗಿರಣಿಯ ಕದಿರಿನ ತುದಿಯಿಂದ ನೂಲು ಬಿಚ್ಚಿಕೊಳ್ಳುವುದನ್ನು ದಿನವೂ ನೋಡುತ್ತಿದ್ದವನಿಗೆ ಹೊಳೆದ ಉಪಾಯ ಅದು.

ಬೇಟ್‌ಕಾಸ್ಟರಿನಲ್ಲಿ ಹಾಗಲ್ಲ. ಅಲ್ಲಿ ಎರೆ ಹಾರುವಾಗ ದಾರವನ್ನು ಎಳೆದು ಸ್ಪೂಲನ್ನೇ ತಿರುಗಿಸಬೇಕು. ಗಾಳಿಯ ತಡೆಗೆ ಎರೆಯ ವೇಗ ತಗ್ಗುತ್ತದೆ, ಸ್ಪೂಲಿನ ವೇಗ ತಗ್ಗುವುದಿಲ್ಲ. ಹೊರಗೆ ಹೋಗುವುದಕ್ಕಿಂತ ಹೆಚ್ಚು ದಾರ ಸ್ಪೂಲಿನಿಂದ ಬಿಚ್ಚಿಕೊಂಡು ಅಲ್ಲೇ ಗಂಟುಗಂಟಾಗುತ್ತದೆ. ಇದನ್ನು ತಡೆಯಲೆಂದು ಅಯಸ್ಕಾಂತದ ಬ್ರೇಕು, ಕೇಂದ್ರಾಪಗಾಮಿ ಬ್ರೇಕು, ಬದಿಯಲ್ಲೊಂದು ಬಿಗಿ ತಿರುಪು, ಎಲ್ಲದರ ಮೇಲೆ ನಿಮ್ಮ ಹೆಬ್ಬೆರಳು. ಕಲಿತವರ ಕೈಯಲ್ಲಿ ಅದು ಅದ್ಭುತ ಸಾಧನ, ನಿಜ. ಕಪ್ಪೆಯನ್ನು ಜೊಂಡಿನ ನಡುವಿನ ಅಂಗೈಯಗಲದ ತೆರವಿನಲ್ಲಿ ಬೀಳಿಸಬಹುದು. ದಾರ ನೇರವಾಗಿ ಸುತ್ತಿಕೊಳ್ಳುವುದರಿಂದ ಮುರಿ, ಅಂದರೆ ತಿರುಚು, ಬೀಳುವುದಿಲ್ಲ. ಕೊರವ ಕಚ್ಚಿದ ಕೂಡಲೇ ಜೊಂಡಿನಿಂದ ಹೊರಗೆಳೆಯುವ ಬಲವೂ ಇದೆ. ಆದರೆ ಸಾಮಾನ್ಯ ಬೆಲೆಯವು ಏಳೆಂಟು ಗ್ರಾಂಗಿಂತ ಕಡಿಮೆ ಭಾರವನ್ನು ಸರಿಯಾಗಿ ಎಸೆಯಲಾರವು. ನಿಮ್ಮ ಹಿಂಡಿ ಉಂಡೆಗೆ ಅದು ಒಗ್ಗದು. ಅತಿ ಹಗುರ ಎರೆಗೆಂದೇ ಮಾಡಿದ ಬೇಟ್‌ಕಾಸ್ಟರುಗಳೂ ಇವೆ, ನಿಮ್ಮ ಬಜೆಟ್ಟಿಗೆ ಎಟುಕುವಂಥವಲ್ಲ.

ನಿಮ್ಮ ಅಣ್ಣನ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಅವನು ಬೆಂಗಳೂರಿನ ಸುತ್ತಲ ಕೆರೆಗಳಲ್ಲಿ ಕೊರವಕ್ಕೆಂದೇ ಕಪ್ಪೆ ಎಸೆಯುವವನಿರಬೇಕು. ಆ ಕೆಲಸಕ್ಕೆ ನಾನೂ ಬೇಟ್‌ಕಾಸ್ಟರನ್ನೇ ಹೇಳುತ್ತೇನೆ. ‘ಕಲಿಯುವವರಿಗೆ ಒಂದು, ಬಲ್ಲವರಿಗೆ ಒಂದು’ ಎಂಬುದು ಮಾತ್ರ ಸುಳ್ಳು. ಸಮುದ್ರದಲ್ಲಿ ಇಪ್ಪತ್ತು ಮೂವತ್ತು ಕಿಲೊ ಮೀನು ಹಿಡಿಯುವವರು ಸ್ಪಿನ್ನಿಂಗ್ ರೀಲು ಬಳಸುತ್ತಾರೆ. ಅವನ ಮಾತು ಕೇಳಿ ಕೊಳ್ಳುವುದಾದರೂ ಒಂದು ಎಚ್ಚರ ಬೇಕು. ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಎಡಕ್ಕೂ ಬಲಕ್ಕೂ ಬದಲಿಸಬಹುದು, ಬೇಟ್‌ಕಾಸ್ಟರಿನದ್ದು ಆಗುವುದಿಲ್ಲ. ಎಡಗೈಯದ್ದೋ ಬಲಗೈಯದ್ದೋ ಎಂದು ಕೊಳ್ಳುವಾಗಲೇ ನಿರ್ಧಾರವಾಗಬೇಕು. ಕೋಲೂ ಬೇರೆ. ಸ್ಪಿನ್ನಿಂಗ್ ಕೋಲಿನ ಉಂಗುರಗಳು ಕೆಳಮುಖ, ರೀಲಿನ ಹತ್ತಿರದ್ದು ದೊಡ್ಡದು. ಬೇಟ್‌ಕಾಸ್ಟರಿನ ಕೋಲಿಗೆ ಉಂಗುರ ಚಿಕ್ಕವು, ಮೇಲ್ಮುಖ, ಹಿಡಿಯುವಲ್ಲಿ ಬೆರಳಿಗೊಂದು ಕೊಂಡಿ. ಒಂದರ ರೀಲನ್ನು ಇನ್ನೊಂದರ ಕೋಲಿಗೆ ಕಟ್ಟಿಕೊಂಡು ‘ದಾರ ಹೋಗ್ತಾ ಇಲ್ಲ’ ಎಂದು ಬರುವವರನ್ನು ನಾನು ಪ್ರತಿ ಬೇಸಿಗೆಯೂ ನೋಡುತ್ತೇನೆ.

ಇನ್ನು ಆ 13 ಬೇರಿಂಗ್. ಮುಖ್ಯ ಗೇರು, ಅದು ತಿರುಗಿಸುವ ಪಿನಿಯನ್, ದಾರ ಹಾಯುವ ರೋಲರ್, ಹಿಡಿ ಹಿಂದಕ್ಕೆ ತಿರುಗದಂತೆ ಹಿಡಿಯುವ ಕ್ಲಚ್, ಇಷ್ಟು ಕಡೆ ಒಳ್ಳೆಯ ಬೇರಿಂಗ್ ಇದ್ದರೆ ಕೆಲಸ ಮುಗಿಯಿತು. ನಾಲ್ಕೈದು ಸಾಕು. ಮಿಕ್ಕವನ್ನು ಹಿಡಿಯ ಗುಂಡಿಗೆ, ಅಲ್ಲಿ ಇಲ್ಲಿ ತುರುಕಿ ಸಂಖ್ಯೆ ಏರಿಸುತ್ತಾರೆ. ಅಗ್ಗದ ರೀಲಿನ 13 ಬೇರಿಂಗ್ ಎಂದರೆ ತುಕ್ಕು ಹಿಡಿಯುವ 13 ಜಾಗ, ಅದರಲ್ಲೂ ನಮ್ಮ ಕೊಡಗಿನ ಮಳೆಗಾಲದಲ್ಲಿ. ಬಿಚ್ಚಿದಾಗ ನಾನು ಮೊದಲು ನೋಡುವುದು ಗೇರಿನ ಲೋಹ ಮತ್ತು ಅದು ಕುಳಿತ ಚೌಕಟ್ಟು. ಹಿಡಿ ಒತ್ತಿ ತಿರುಗಿಸಿದಾಗ ಚೌಕಟ್ಟು ಬಾಗಿದರೆ ಗೇರಿನ ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಆಗ ಎಷ್ಟು ಬೇರಿಂಗ್ ಇದ್ದರೂ ಒಂದೇ ವರ್ಷದಲ್ಲಿ ಕರಕರ ಶುರು.

ಪೆಟ್ಟಿಗೆಯ ಮೇಲಿನ ಇನ್ನೊಂದು ಸಂಖ್ಯೆ 5.2:1, 6.2:1 ಎಂಬ ಗೇರು ಅನುಪಾತ. ಹಿಡಿ ಒಂದು ಸುತ್ತಿಗೆ ದಾರ ಸುತ್ತುವ ಭಾಗ 5.2 ಅಥವಾ 6.2 ಸುತ್ತು ತಿರುಗುತ್ತದೆ ಎಂದರ್ಥ. ಸ್ಪೂಲಿನ ವ್ಯಾಸ 48 ಮಿಲಿಮೀಟರ್ ಇದ್ದರೆ ಮೊದಲನೆಯದರಲ್ಲಿ ಒಂದು ಸುತ್ತಿಗೆ 78 ಸೆಂಟಿಮೀಟರ್, ಎರಡನೆಯದರಲ್ಲಿ 93 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ದೊಡ್ಡ ಸಂಖ್ಯೆ ಎಂದರೆ ಹೆಚ್ಚು ಬಲ ಎಂದು ಬಹಳ ಜನ ತಿಳಿದಿದ್ದಾರೆ. ಉಲ್ಟಾ. ತೋಟದ ಜೀಪು ಏರು ಹತ್ತುವಾಗ ಲೋ ಗೇರಿಗೆ ಹಾಕುತ್ತೀರಲ್ಲ, ಇಲ್ಲೂ ಅಷ್ಟೇ. ಭಾರ ಎಳೆಯಲು ಕಡಿಮೆ ಅನುಪಾತ ಹಿತ. ನಿಮಗೆ ಐದರ ಆಸುಪಾಸಿನದು ಸರಿ.

ಸೈಜಿನ ವಿಷಯಕ್ಕೆ ಬರೋಣ. 6000 ಯಾಕೆ ಬೇಡ? ಮಶೀರ್ ಎಂದಾಕ್ಷಣ ಎಲ್ಲರ ಕಣ್ಣಮುಂದೆ ಬರುವುದು 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೊ ತೂಕದ ಮೀನು. ಆ ಲೆಕ್ಕದಲ್ಲಿ ರೀಲು ಕೊಂಡರೆ ವರ್ಷವಿಡೀ ಕೆರೆ ದಂಡೆಯಲ್ಲಿ ಅರ್ಧ ಕಿಲೊಗೆ ಹತ್ತಿರದ ಕಬ್ಬಿಣ ಹಿಡಿದುಕೊಂಡು ಒಂದು ಕಿಲೊ ರೋಹು ಎಳೆಯುತ್ತಿರುತ್ತೀರಿ. ಕೈ ಸೋಲುತ್ತದೆ, ಕೋಲಿನ ಸಮತೋಲ ಕೆಡುತ್ತದೆ, ಹಗುರ ಎರೆ ದೂರ ಹೋಗುವುದಿಲ್ಲ. ಮೀನು ದೊಡ್ಡದಾದರೆ ಬೇಕಾಗುವುದು ಹೆಚ್ಚು ದಾರ ಮತ್ತು ಒಳ್ಳೆಯ ಡ್ರ್ಯಾಗ್. ಇವೆರಡೂ 4000ದಲ್ಲೇ ಸಿಗುತ್ತವೆ. ಅಂದಹಾಗೆ, ಈ 4000, 6000 ಎಂಬುವು ಸರ್ಕಾರಿ ಅಳತೆಗಳಲ್ಲ. ಒಂದು ಕಂಪನಿಯ 4000 ಇನ್ನೊಂದರ 5000ದಷ್ಟಿರಬಹುದು. ಸ್ಪೂಲಿನ ಮೇಲೆ ಬರೆದ ದಾರದ ಲೆಕ್ಕ ನೋಡಿ. 0.30 ಮಿಲಿಮೀಟರ್ ದಾರ 200 ಮೀಟರ್ ಹಿಡಿದರೆ ನಿಮಗೆ ಸಾಕು. ದಾರ ದಪ್ಪವಾದಂತೆ ಹಿಡಿಯುವ ಉದ್ದ ಆ ದಪ್ಪದ ವರ್ಗದ (ದಪ್ಪ × ದಪ್ಪ) ಲೆಕ್ಕದಲ್ಲಿ ಇಳಿಯುತ್ತದೆ: ಅದೇ ಸ್ಪೂಲು 0.35 ದಾರವನ್ನು ಸುಮಾರು 147 ಮೀಟರ್, 0.40 ಆದರೆ 112 ಮೀಟರ್ ಮಾತ್ರ ಹಿಡಿಯುತ್ತದೆ.

ಡ್ರ್ಯಾಗಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಏಕೆಂದರೆ ನೀವು ಕೊಡುವ ದುಡ್ಡಿನ ನಿಜವಾದ ಬೆಲೆ ಇರುವುದು ಅಲ್ಲಿ. ಬಿದಿರಿನ ಗಳ ಮುರಿದದ್ದು ಮೀನು ದೊಡ್ಡದು ಎಂಬ ಕಾರಣಕ್ಕಲ್ಲ, ದಾರ ಬಿಟ್ಟುಕೊಡುವ ದಾರಿಯೇ ಅದಕ್ಕೆ ಇರಲಿಲ್ಲ. ಡ್ರ್ಯಾಗ್ ಎಂದರೆ ಸ್ಪೂಲಿನ ಒಳಗೆ ಒಂದರ ಮೇಲೊಂದು ಕೂತ ಬಿಲ್ಲೆಗಳು, ಲೋಹದ್ದೊಂದು, ನಮದೆಯದ್ದೋ ಕಾರ್ಬನ್ನಿನದ್ದೋ ಒಂದು. ಮೀನು ನೀವು ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಎಳೆದರೆ ಬಿಲ್ಲೆಗಳು ಜಾರಿ ದಾರ ಹೊರಗೆ ಹೋಗುತ್ತದೆ, ತುಂಡಾಗುವುದಿಲ್ಲ. ಪೆಟ್ಟಿಗೆಯ ಮೇಲೆ ‘ಗರಿಷ್ಠ ಡ್ರ್ಯಾಗ್ 10 ಕಿಲೊ’ ಎಂದಿರುವುದನ್ನು ನೋಡಿ ಖುಷಿಪಡಬೇಡಿ. ಒಂಬತ್ತು ಕಿಲೊಗೆ ತುಂಡಾಗುವ ದಾರಕ್ಕೆ ಹತ್ತು ಕಿಲೊ ಡ್ರ್ಯಾಗ್ ಕಟ್ಟಿಕೊಂಡು ಏನು ಮಾಡುತ್ತೀರಿ? ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡುವುದು ರೂಢಿ. ಒಂಬತ್ತು ಕಿಲೊ ದಾರಕ್ಕೆ ಎರಡೂವರೆ ಕಿಲೊ. ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ. ಹತ್ತು ಕಿಲೊವರೆಗೆ ತೂಗುವ ಚಿಕ್ಕ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ, ಕೋಲನ್ನು ಮೀನು ಎಳೆಯುವಾಗ ಹಿಡಿಯುವಂತೆ ಓರೆಯಾಗಿ ಹಿಡಿದು, ದಾರ ಜಾರಲು ಶುರುವಾದಾಗ ಮುಳ್ಳು ಎಲ್ಲಿದೆ ನೋಡಿ. ಕಾಫಿ ಹಣ್ಣಿನ ಮೂಟೆ ತೂಗುವ ತಕ್ಕಡಿ ಇದಕ್ಕಾಗದು, ಅದರ ಒಂದೊಂದು ಗೆರೆಯೂ ದೊಡ್ಡದು.

ಗರಿಷ್ಠ ಬಲಕ್ಕಿಂತ ಮುಖ್ಯವಾದದ್ದು ಡ್ರ್ಯಾಗ್ ಹೇಗೆ ಶುರುವಾಗುತ್ತದೆ ಎಂಬುದು. ಕೆಟ್ಟ ಡ್ರ್ಯಾಗ್ ಮೊದಲು ಅಂಟಿಕೊಂಡಿದ್ದು, ಆಮೇಲೆ ಒಮ್ಮೆಲೇ ಬಿಡುತ್ತದೆ. ಆ ಅಂಟಿಕೊಂಡ ಕ್ಷಣದಲ್ಲೇ ದಾರ ತುಂಡಾಗುವುದು. ಇನ್ನೊಂದು ಸಂಗತಿ ಅನುಭವಿಗಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ: ದಾರ ಹೊರಗೆ ಹೋದಷ್ಟೂ ಡ್ರ್ಯಾಗ್ ತಾನಾಗಿ ಬಿಗಿಯಾಗುತ್ತದೆ. ತುಂಬಿದ ಸ್ಪೂಲಿನ ವ್ಯಾಸ 48 ಮಿಲಿಮೀಟರ್. ಮಶೀರ್ ನೂರು ಮೀಟರ್ ಓಡಿ ಅದು 34ಕ್ಕೆ ಇಳಿಯಿತು ಎನ್ನಿ. ನೀವು ಇಟ್ಟಿದ್ದ ಎರಡೂವರೆ ಕಿಲೊ ಆಗ ಮೂರೂವರೆ ಕಿಲೊ ಆಗಿರುತ್ತದೆ. ಅದರ ಮೇಲೆ ಹರಿಯುವ ನೀರು ದಾರವನ್ನು ತಳ್ಳುವ ಭಾರ, ಉಂಗುರಗಳ ಉಜ್ಜಾಟ. ಮೀನು ದೂರ ಓಡುತ್ತಿದೆ ಎಂದು ಗಾಬರಿಯಾಗಿ ತಿರುಪು ಬಿಗಿ ಮಾಡುವುದು ಎಲ್ಲರ ಸ್ವಭಾವ. ಮಾಡಬೇಕಾದದ್ದು ಸ್ವಲ್ಪ ಸಡಿಲಿಸುವುದು. ಸ್ಪೂಲನ್ನು ಅಂಚಿನಿಂದ ಒಂದೂವರೆ ಎರಡು ಮಿಲಿಮೀಟರ್ ಬಿಟ್ಟು ಪೂರ್ತಿ ತುಂಬಿಸಬೇಕು ಎನ್ನುವುದಕ್ಕೆ ಒಂದು ಕಾರಣ ಇದೂ ಹೌದು. ಅರ್ಧ ತುಂಬಿದ ಸ್ಪೂಲಿನಲ್ಲಿ ಎಸೆತವೂ ಮೋಟು, ಡ್ರ್ಯಾಗೂ ಒರಟು.

ಸ್ಪಿನ್ನಿಂಗ್ ರೀಲಿಗೆ ದೋಷವೇ ಇಲ್ಲ ಎಂದಲ್ಲ. ಅದರ ದೊಡ್ಡ ಪೀಡೆ ದಾರದ ಮುರಿ. ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗಲೂ ಉತ್ಸಾಹದಲ್ಲಿ ಹಿಡಿ ತಿರುಗಿಸುತ್ತಲೇ ಇದ್ದರೆ ದಾರ ಒಳಗೆ ಬರುವುದಿಲ್ಲ, ಬದಲಿಗೆ ಪ್ರತಿ ಸುತ್ತಿಗೂ ದಾರಕ್ಕೆ ಐದು ಮುರಿ ಬೀಳುತ್ತದೆ. ಮುಂದಿನ ಎಸೆತದಲ್ಲಿ ಅದೇ ಗಂಟು. ಡ್ರ್ಯಾಗ್ ಸದ್ದು ಮಾಡುತ್ತಿರುವಾಗ ಹಿಡಿ ಬಿಟ್ಟು ಸುಮ್ಮನಿರಿ. ಎಸೆದ ಮೇಲೆ ಬೇಲನ್ನು ಹಿಡಿ ತಿರುಗಿಸಿ ಮುಚ್ಚುವ ಬದಲು ಕೈಯಲ್ಲೇ ಮುಚ್ಚಿ. ಮುರಿಯೂ ಕಡಿಮೆ, ಬೇಲಿನ ಸ್ಪ್ರಿಂಗೂ ಬಾಳುತ್ತದೆ. ಹೊಸ ದಾರ ಸುತ್ತುವಾಗ ಅಂಗಡಿಯ ಉರುಳೆಯನ್ನು ನೆಲದ ಮೇಲೆ ಚೀಟಿ ಮೇಲಾಗಿಟ್ಟು ಹತ್ತು ಸುತ್ತು ಸುತ್ತಿ, ದಾರ ಸಡಿಲ ಬಿಟ್ಟು ನೋಡಿ. ಹೆಣೆದುಕೊಂಡರೆ ಉರುಳೆ ಮಗುಚಿ ಮುಂದುವರಿಸಿ.

ಎರಡು ಸ್ಪೂಲು ಎಂದೆನಲ್ಲ, ಕೆರೆಯ ಸ್ಪೂಲಿಗೆ 0.30 ನೈಲಾನ್ ದಾರ ಸಾಕು. ಅಗ್ಗ, ಸ್ವಲ್ಪ ಹಿಗ್ಗುತ್ತದೆ, ಹೊಸಬರ ಜೋರನ್ನು ತಾನೇ ನುಂಗಿಕೊಳ್ಳುತ್ತದೆ. ಹೊಳೆಯ ಸ್ಪೂಲಿಗೆ ಸುಮಾರು 30 ಪೌಂಡ್ ತಾಳುವ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ದಾರ. ಅದೇ ಬಲಕ್ಕೆ ಅದು ನೈಲಾನಿಗಿಂತ ಎಷ್ಟೋ ತೆಳು, ಹಾಗಾಗಿ ಹೆಚ್ಚು ಉದ್ದ ಹಿಡಿಯುತ್ತದೆ, ಹರಿವಿನ ತಳ್ಳಾಟವೂ ಕಡಿಮೆ. ಆದರೆ ಕಾವೇರಿಯ ಬಂಡೆಗೆ ಉಜ್ಜಿದರೆ ಬ್ರೇಡ್ ಬೇಗ ಕಡಿಯುತ್ತದೆ. ತುದಿಗೆ ಎರಡು ಮೂರು ಮೀಟರ್ ದಪ್ಪ ನೈಲಾನ್ ಲೀಡರ್ ಕಟ್ಟಲೇಬೇಕು. ಬುಡದಲ್ಲೂ ಸ್ಪೂಲಿಗೆ ಮೊದಲು ಹತ್ತಾರು ಸುತ್ತು ನೈಲಾನ್ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಿ. ಇಲ್ಲದಿದ್ದರೆ ನುಣುಪಾದ ಬ್ರೇಡ್ ಸ್ಪೂಲಿನ ಮೇಲೆ ಇಡಿಯಾಗಿ ಜಾರುತ್ತದೆ. ‘ಡ್ರ್ಯಾಗ್ ಕೆಟ್ಟಿದೆ’ ಎಂದು ನನ್ನ ಬಳಿ ಬರುವ ಎಷ್ಟೋ ರೀಲುಗಳಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ, ಇಷ್ಟೇ ಆಗಿರುತ್ತದೆ.

ಹೊಳೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಮಶೀರ್‌ಗೆ ತೀರಾ ಹಗುರ ಸಾಮಗ್ರಿ ಒಯ್ಯುವುದು ಶೌರ್ಯವಲ್ಲ. ಕಾವೇರಿಯ ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಶೀರ್, ಟಾರ್ ರೆಮಾದೇವಿ, 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿ. ಹಿಡಿದದ್ದನ್ನು ಬಿಡಲೇಬೇಕು. ತೆಳು ದಾರದಲ್ಲಿ ಗಂಟೆಗಟ್ಟಲೆ ದಣಿಸಿ ಬಿಟ್ಟ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಬದುಕುವುದು ಅನುಮಾನ. ಗಟ್ಟಿ ದಾರ, ನಯವಾದ ಡ್ರ್ಯಾಗ್ ಇದ್ದರೆ ಬೇಗ ದಂಡೆಗೆ ತಂದು, ನೀರಿನಲ್ಲೇ ಗಾಳ ಬಿಡಿಸಬಹುದು. ಅನುಮತಿಯ ವಿಷಯವನ್ನು ನೀವೇ ಎತ್ತಿದ್ದೀರಿ, ಸಂತೋಷ. ವಾಲ್ನೂರಿನ ಭಾಗದಲ್ಲಿ ಮಶೀರ್ ಉಳಿಸಲು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ಕಾಲದಿಂದ ದುಡಿದಿದೆ. ಮೊದಲು ಅವರನ್ನೂ ಮೀನುಗಾರಿಕೆ ಇಲಾಖೆಯನ್ನೂ ವಿಚಾರಿಸಿ ಹೋಗಿ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಯ ರಕ್ಷಿತ ಅರಣ್ಯದೊಳಗಿನ ಹೊಳೆಗಳಿಗೆ ಕೋಲು ಹಿಡಿದು ಇಳಿಯುವ ಯೋಚನೆಯೇ ಬೇಡ. ಮಳೆಗಾಲ ಮಶೀರ್ ಮೊಟ್ಟೆಯಿಡುವ ಕಾಲ. ಆಗ ಹೊಳೆಯನ್ನು ಅದರ ಪಾಡಿಗೆ ಬಿಡಿ. ಸಂಜೆಯಾದ ಮೇಲೆ ಆ ದಂಡೆ ಯಾರದ್ದು ಎಂದು ಸಿದ್ದಾಪುರದವರಿಗೆ ನಾನು ಹೇಳಬೇಕೇ? ಆನೆ ಬರುವ ಹೊತ್ತಿಗೆ ಮನೆಯಲ್ಲಿರಿ.

ತಂದೆಯವರ ಹಿತ್ತಾಳೆ ರೀಲು. ನಿಮ್ಮ ವಿವರಣೆ ಓದಿದರೆ ಅದು ಸೆಂಟರ್‌ಪಿನ್ ಜಾತಿಯದ್ದು, ಅಥವಾ ಹಳೆಯ ಫ್ಲೈ ರೀಲು. ತೋಟದ ಬಂಗಲೆಗಳಿಂದ ಇಂಥವು ಆಗಾಗ ನನ್ನ ಕೈಗೆ ಬರುತ್ತವೆ, ಬಿಚ್ಚುವಾಗ ಕೈ ತಾನಾಗಿ ಮೆತ್ತಗಾಗುತ್ತದೆ. ಗೇರಿಲ್ಲ, ಡ್ರ್ಯಾಗಿಲ್ಲ, ಒಳಗೊಂದು ಟಿಕ್ ಟಿಕ್ ಅನ್ನುವ ಸ್ಪ್ರಿಂಗು, ಬ್ರೇಕು ಬೇಕಾದರೆ ಅಂಗೈ. ಹೊಳೆಗೆ ಒಯ್ಯಬೇಡಿ, ಮೀನು ಓಡುವಾಗ ತಿರುಗುವ ಹಿಡಿ ಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಕೆರೆಯಲ್ಲಿ ಬೆಂಡು ಕಟ್ಟಿ ದಂಡೆಯ ಹತ್ತಿರವೇ ಗೆಂಡೆಗೆ ಕೂರಲು ಮಾತ್ರ ಅದಕ್ಕಿಂತ ಸುಖ ಬೇರೆಯಿಲ್ಲ. ಮೀನಿನ ಒಂದೊಂದು ಅಲುಗಾಟವೂ ನೇರ ಕೈಗೆ ಬರುತ್ತದೆ. ಒಂದು ವಿನಂತಿ, ಹೊಳಪು ಬರಲಿ ಎಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹಳೆಯ ರೀಲಿಗೆ ಆ ಮಾಸಿದ ಬಣ್ಣವೇ ಬೆಲೆ. ಒಳಗಿನ ಹಳೆ ಗ್ರೀಸು ಒರೆಸಿ ಒಂದು ಹನಿ ಎಣ್ಣೆ ಬಿಟ್ಟರೆ ಮುಗಿಯಿತು. ಹೊಸ ಫ್ಲೈ ರೀಲಿನ ಬಗ್ಗೆ ನೀವು ಕೇಳಿಲ್ಲ, ನಾನೂ ಉದ್ದ ಮಾಡುವುದಿಲ್ಲ. ಅಲ್ಲಿ ಎಸೆಯುವುದು ದಾರದ ತೂಕವನ್ನೇ. ಕೋಲು, ವಿಶೇಷ ದಾರ ಎಲ್ಲ ಸೇರಿದರೆ 8,000ಕ್ಕೆ ಮುಗಿಯುವ ವ್ಯವಹಾರವಲ್ಲ.

ಮಗಳಿಗೆ ಗುಂಡಿ ಒತ್ತಿ ಎಸೆಯುವ ಮುಚ್ಚಿದ ಮೂತಿಯ ಸ್ಪಿನ್‌ಕಾಸ್ಟ್ ರೀಲು ಚೆನ್ನ ಎಂದು ಕೆಲವರು ಹೇಳಬಹುದು. ಅದರ ಹುಟ್ಟಿನ ಕತೆ ಸ್ವಾರಸ್ಯದ್ದು: ಎಣ್ಣೆಬಾವಿಗಳಿಗೆ ಸಮಯಕ್ಕೆ ಸಿಡಿಯುವ ಬಾಂಬು ಮಾಡುತ್ತಿದ್ದ, ಅಮೆರಿಕದ ಟಲ್ಸಾ ನಗರದ ಝೀರೊ ಅವರ್ ಬಾಂಬ್ ಕಂಪನಿ 1949ರಲ್ಲಿ ಮೊದಲು ಇಂಥ ರೀಲು ತಂದಿತು. ಆ ರೀಲುಗಳ ಜೆಬ್ಕೊ ಎಂಬ ಹೆಸರು ಆ ಬಾಂಬು ಕಂಪನಿಯ ಹೆಸರಿನದ್ದೇ ಮೊಟಕು ರೂಪ. ಹತ್ತು ನಿಮಿಷದಲ್ಲಿ ಕಲಿಯಬಹುದು, ದಾರ ಗಂಟಾಗುವುದು ಕಡಿಮೆ. ಆದರೆ ಮುಚ್ಚಳದೊಳಗೆ ಏನಾಗುತ್ತಿದೆ ಎಂದು ಕಾಣದು, ನೀರು ಸೇರಿದರೆ ಒಣಗದು, ದಾರ ಹಿಡಿಯುವುದೂ ಕಡಿಮೆ, ಅಗ್ಗದವುಗಳ ಡ್ರ್ಯಾಗ್ ಹೆಸರಿಗೆ ಮಾತ್ರ. 11 ವರ್ಷದ ಹುಡುಗಿ ಬೇಲ್ ತೆರೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾಳೆ. ಅವಳಿಗೆ 1000 ಅಥವಾ 2000 ಸೈಜಿನ ಚಿಕ್ಕ ಸ್ಪಿನ್ನಿಂಗ್ ರೀಲು, ಐದೂವರೆ ಆರಡಿ ಕೋಲು ಸಾಕು. ಐದಾರು ವರ್ಷದ ಮಗುವಾಗಿದ್ದರೆ ಸ್ಪಿನ್‌ಕಾಸ್ಟನ್ನೇ ಹೇಳುತ್ತಿದ್ದೆ. ಇಬ್ಬರ ಗಾಳಕ್ಕೂ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನಿನ ಬಾಯಿಂದಲೂ ಮಗುವಿನ ಬೆರಳಿಂದಲೂ ಸುಲಭವಾಗಿ ಬರುತ್ತದೆ.

ದುಡ್ಡನ್ನು ನಾನಾದರೆ ಹೀಗೆ ಹಂಚುತ್ತೇನೆ: ನಿಮ್ಮ ರೀಲಿಗೆ ಸುಮಾರು 3,500, ಹತ್ತರಿಂದ ನಲವತ್ತು ಗ್ರಾಂ ಎಸೆಯುವ ಎಂಟಡಿ ಕೋಲಿಗೆ 2,000, ದಾರ, ಗಾಳ, ಸೀಸ, ಎರಡನೇ ಸ್ಪೂಲು ಎಲ್ಲಕ್ಕೆ 1,000, ಉಳಿದದ್ದು ಮಗಳ ಸೆಟ್ಟಿಗೆ. ಶಿಮಾನೊ, ಡೈವಾದಂಥ ಜಪಾನಿ ಕಂಪನಿಗಳ ಕೆಳಹಂತದ ರೀಲುಗಳು ಈ ಬೆಲೆಯ ಸುತ್ತಮುತ್ತ ಸಿಗುತ್ತವೆ. ಮೂರು ನಾಲ್ಕು ಬೇರಿಂಗಿನ ಅಂಥ ರೀಲು ಹೆಸರಿಲ್ಲದ 13 ಬೇರಿಂಗಿನದಕ್ಕಿಂತ ಹೆಚ್ಚು ಕಾಲ ನಡೆದದ್ದನ್ನೇ ನಾನು ಕಂಡಿರುವುದು. ಅಂಥ ಅಗ್ಗದ ರೀಲಿನ ಜೊತೆ ಎರಡನೇ ಸ್ಪೂಲು ಪೆಟ್ಟಿಗೆಯಲ್ಲೇ ಬರುವುದು ಅಪರೂಪ, ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಸಿಗದಿದ್ದರೆ ಒಂದೇ ಸ್ಪೂಲಿಗೆ ಬ್ರೇಡ್ ಸುತ್ತಿ, ಕೆರೆಗೆ ಹೋಗುವಾಗ ತೆಳು ಲೀಡರ್ ಕಟ್ಟಿಕೊಳ್ಳಿ, ನಡೆಯುತ್ತದೆ. ದೊಡ್ಡ ಹೆಸರಿನ ನಕಲಿ ಮಾಲೂ ಓಡಾಡುತ್ತದೆ. ಬಿಲ್ಲು ಕೊಡದ ಕಡೆ, ಬೆಲೆ ತೀರಾ ಇಳಿದ ಕಡೆ ಅನುಮಾನಪಡಿ.

ಅಂಗಡಿಯಲ್ಲಿ ರೀಲು ಕೈಗೆ ಬಂದಾಗ ಹಿಡಿಯನ್ನು ಜೋರಾಗಿ ತಿರುಗಿಸಿ ‘ಆಹಾ’ ಅನ್ನಬೇಡಿ, ಗ್ರೀಸು ತುಂಬಿದ ಯಾವ ಹೊಸ ರೀಲೂ ಹಾಗೆ ತಿರುಗುತ್ತದೆ. ಕಿವಿಯ ಹತ್ತಿರ ಹಿಡಿದು ಬಹಳ ನಿಧಾನ ತಿರುಗಿಸಿ. ಎಲ್ಲಾದರೂ ತಡೆದು ಮುಂದೆ ಹೋಗುತ್ತದೆಯೇ ಗಮನಿಸಿ. ಡ್ರ್ಯಾಗನ್ನು ಅರ್ಧ ಬಿಗಿ ಮಾಡಿ ದಾರ ಕಟ್ಟಿ ಮೆಲ್ಲಗೆ ಎಳೆಯಿರಿ, ಜಾರುವಿಕೆ ಮೊದಲ ಕ್ಷಣದಿಂದಲೇ ಒಂದೇ ಸಮ ಇರಬೇಕು. ಬಿಗಿದ ದಾರದಡಿ ಬೇಲಿನ ರೋಲರ್ ನಿಜಕ್ಕೂ ತಿರುಗುತ್ತದೆಯೇ ನೋಡಿ. ತಿರುಗದ ರೋಲರ್ ಬ್ರೇಡಿಗೆ ಗರಗಸ. ಸ್ಪೂಲಿನ ಅಂಚಿನ ಮೇಲೆ ಉಗುರು ಸವರಿ, ಗೀರು ತಾಗಬಾರದು. ಹಿಡಿಯನ್ನು ಹಿಂದಕ್ಕೆ ತಿರುಗಿಸಲು ನೋಡಿ. ಒಂದಿಷ್ಟೂ ಹಿಂದೆ ಸರಿಯದೆ ನಿಂತರೆ ಕ್ಲಚ್ ಚೆನ್ನಾಗಿದೆ. ಕೊನೆಗೆ ಕೋಲಿಗೆ ಕಟ್ಟಿ ಒಂದೈದು ನಿಮಿಷ ಕೈಯಲ್ಲಿ ಹಿಡಿದು ನಿಲ್ಲಿ, ಅಂಗಡಿಯವರು ಏನೇ ಅಂದುಕೊಳ್ಳಲಿ.

ಮಳೆಗಾಲದ ಜೋಪಾನ ಒಂದನ್ನು ಹೇಳಿ ಬಿಡುತ್ತೇನೆ. ಕಕ್ಕಡದ ಮಳೆಯಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ನಮ್ಮದು. ರೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗಿನ ತಿರುಪನ್ನು ಪೂರ್ತಿ ಸಡಿಲಿಸಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ಒಲೆಮನೆಯ ಪಕ್ಕದ ಗೋಡೆಗೆ ತೂಗುಹಾಕಿ. ಬಿಗಿಯಾಗಿಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಮುಂದಿನ ಬೇಸಿಗೆಗೆ ಅಂಟುತ್ತವೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಕೋವಿ ಒರೆಸಿ ಎಣ್ಣೆ ಹಚ್ಚುವ ಮನೆಗಳಲ್ಲಿ ಅದೇ ಕೈಯಲ್ಲಿ ರೀಲಿಗೂ ಎಣ್ಣೆ ಬಿಡುವ ಅಭ್ಯಾಸವಿದೆ. ರೋಲರಿಗೆ, ಹಿಡಿಯ ಗುಂಡಿಗೆ ಒಂದೊಂದು ಹನಿ ಬಿಡಿ, ತೊಂದರೆಯಿಲ್ಲ. ಸ್ಪೂಲಿನ ಒಳಗಿನ ಡ್ರ್ಯಾಗ್ ಬಿಲ್ಲೆಗಳಿಗೆ, ಹಿಂದಕ್ಕೆ ತಿರುಗದಂತೆ ಹಿಡಿಯುವ ಕ್ಲಚ್ಚಿಗೆ ಮಾತ್ರ ಕೋವಿಯ ಎಣ್ಣೆ ತಾಗಿಸಬೇಡಿ. ಎರಡೂ ಜಾರತೊಡಗುತ್ತವೆ, ಮತ್ತೆ ಬಿಚ್ಚಿ ತೊಳೆಯದೆ ಸರಿಹೋಗುವುದಿಲ್ಲ.